ಹದಿನಾಲ್ಕು ಬಕೆಟ್ ಬೇರು

ಜೂನ್ 19, ಬುಧವಾರ

ಬರೆಯುವ ಅಭ್ಯಾಸ ನನಗಿಲ್ಲ. ಫೋನಿಗೆ ಹೇಳುತ್ತೇನೆ, ಅದೇ ಇಟ್ಟುಕೊಳ್ಳಲಿ. ಕಾಲಿಗೆ ಪ್ಲಾಸ್ಟರ್ ಹಾಕಿ ಇವತ್ತಿಗೆ ಹನ್ನೆರಡು ದಿನ. ಹಗಲೆಲ್ಲ ಕೂತೇ ಇರುವವನಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಮಾತಾಡೋಣವೆಂದರೆ ಜೊತೆಯವರೆಲ್ಲ ಗೋವಾಕ್ಕೆ ಹೋದರು.

ಬಿದ್ದದ್ದು ನನ್ನದೇ ತಪ್ಪಿನಿಂದ. ಮುರ್ಡೇಶ್ವರದಲ್ಲಿ ಹೊಸ ಲಾಡ್ಜೊಂದರ ಬಚ್ಚಲಿಗೆ ಟೈಲ್ಸ್ ಕೂರಿಸುತ್ತಿದ್ದೆವು. ಏಣಿಯ ಮೇಲೆ ನಿಂತು ಫೋನ್ ನೋಡುತ್ತಿದ್ದೆ. ಫೋನಿಗೆ ಏನೂ ಆಗಲಿಲ್ಲ. ಪಾದದ ಗಂಟಿನ ಮೂಳೆ ಬಿರುಕು ಬಿಟ್ಟಿತು. ಮೇಸ್ತ್ರಿ ರಾಜೀವ, "ಆರು ವಾರ ಸುಮ್ನೆ ಬಿದ್ಕೊ, ಆಮೇಲೆ ಗೋವಾಕ್ಕೆ ಬಾ" ಎಂದು ನನ್ನನ್ನೂ ಒಂದಷ್ಟು ಖಾಲಿ ಬಕೆಟ್‌ಗಳನ್ನೂ ಮಾವಳ್ಳಿಯ ಬಾಡಿಗೆ ಕೋಣೆಯಲ್ಲಿ ಬಿಟ್ಟು ಹೋದ.

ಆರು ವಾರ! ಕೊಪ್ಪಳ ಬಿಟ್ಟ ಐದು ವರ್ಷಗಳಲ್ಲಿ ಹುಬ್ಬಳ್ಳಿ, ಉಡುಪಿ, ಕಾರವಾರ, ಮಡಗಾಂವ ಎಲ್ಲ ಆಯಿತು. ನಾನು ಹಾಕಿದ ನೆಲದ ಮೇಲೆ ಯಾರಾದರೂ ಓಡಾಡುವುದನ್ನು ಒಮ್ಮೆಯೂ ನೋಡಿಲ್ಲ. ಅಷ್ಟರಲ್ಲಿ ಮುಂದಿನ ಊರು.

ಕೋಣೆಯ ಒಡತಿ ತಿಮ್ಮಕ್ಕ. ವಯಸ್ಸು ಅರವತ್ತರ ಹತ್ತಿರ. ಮಲ್ಲಿಗೆ ಬೆಳೆದು, ಕಟ್ಟಿ, ಭಟ್ಕಳಕ್ಕೆ ಕಳಿಸುತ್ತಾರೆ. ಮಗಳು ಅರ್ಚಿತಾ ಭಟ್ಕಳದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೆಳಗಿನ ಬಸ್ಸಿಗೆ ಹೂ ಸುತ್ತಿದ ಬಾಳೆಎಲೆಯ ಪೊಟ್ಟಣ ಹಿಡಿದುಕೊಂಡು ಹೋಗುತ್ತಾಳೆ. ನನ್ನ ಹೆಸರು ಯಮನೂರಪ್ಪ ಎಂದಾಗ ತಿಮ್ಮಕ್ಕ ಹುಬ್ಬು ಗಂಟಿಕ್ಕಿದರು.

"ಎಲ್ರೂ ಎಂತ ಅಂತ ಕರೀತ್ರಾ?"

"ಯಮನೂರ ಅಂತಾರ್ರೀ. ದೋಸ್ತರು ಯಮಾ ಅಂತಾರ."

"ಬೆಳಗಾಗೆದ್ದು 'ಯಮಾ ಬಾರಾ' ಅಂತ ಕರೀಲಾ ನಾನು? ಈ ವಯಸ್ಸಲ್ಲಿ? ನೂರಪ್ಪ ಅಂತೆ. ಆತಾ?"

ಆತು.

ಜೂನ್ 23, ಭಾನುವಾರ

ಇವತ್ತು ನಾಗಭೂಷಣ ಮಾಸ್ತರು ಬಂದಿದ್ದರು. ಹೊನ್ನಾವರದ ಹೈಸ್ಕೂಲಿನಲ್ಲಿ ಪಾಠ ಹೇಳುವವರು. ಪಾಗಾರದ ಗೋಡೆಯಾಚೆಯ ಖಾಲಿ ಜಾಗ ಅವರದು. ತಿಮ್ಮಕ್ಕನ ಐದು ಮಲ್ಲಿಗೆ ಗಿಡಗಳಿರುವುದು ಆ ಜಾಗದ ಅಂಚಿನಲ್ಲಿ, ಪಾಗಾರಕ್ಕೆ ತಾಗಿಕೊಂಡು. ಮಾಸ್ತರ ಅಪ್ಪ ಯಾವತ್ತೋ "ನೆಟ್ಕ, ಅದಕ್ಕೆಂತ" ಎಂದಿದ್ದರಂತೆ. ಇಪ್ಪತ್ತೆಂಟು ವರ್ಷವಾಯಿತು.

"ತಿಮ್ಮಕ್ಕಾ, ನವರಾತ್ರಿ ಮುಗೀತಿದ್ದಂಗೆ ಮನೆ ಕೆಲ್ಸ ಶುರು ಮಾಡ್ವಾ ಅಂತ. ಈ ಬದಿಗೆ ಕಾಂಪೌಂಡು ಬತ್ತದೆ."

"ಮಾಡಿ ಮಾಸ್ತರೇ. ಜಾಗ ನಿಮ್ದು. ಚಾ ಕುಡೀರಿ."

ಚಾ ಕುಡಿದು ಅವರು ಹೋದರು. ತಿಮ್ಮಕ್ಕ ಲೋಟ ತೊಳೆಯದೆ ಗಿಡಗಳ ಹತ್ತಿರ ಹೋಗಿ ನಿಂತರು. ಅರ್ಚಿತಾ ಹಿಂದೆಯೇ ಹೋದಳು.

"ಬೇಜಾರು ಮಾಡ್ಕಬೇಡ ಆಯಿ. ನರ್ಸರೀಲಿ ಬೇಕಾದಷ್ಟು ಗಿಡ ಸಿಗ್ತದೆ."

"ನರ್ಸರೀಲಿ ಅತ್ತೆನೂ ಸಿಗ್ತಳನೇ?"

ಗಿಡಗಳನ್ನು ಭಟ್ಕಳದಿಂದ ತಂದು ನೆಟ್ಟದ್ದು ತಿಮ್ಮಕ್ಕನ ಅತ್ತೆಯಂತೆ. ಬದುಕಿರುವವರೆಗೂ ಸೊಸೆಯನ್ನು ಬೈದ ಹೆಂಗಸು, ಕೊನೆಗೆ ಬಿಟ್ಟುಹೋದದ್ದು ಇದನ್ನು. ಬುಡಸಮೇತ ಎಬ್ಬಿಸಿ ಈಚೆ ನೆಡಬಹುದಲ್ಲ ಎಂದು ನಾನು ಕೇಳಿದೆ. "ಮುದಿ ಬೇರು ಎದ್ರೆ ಮತ್ತೆ ಕೂರೂದಿಲ್ಲ ತಮಾ" ಎಂದರು.

ಆದರೆ ಒಂದು ದಾರಿ ಇದೆಯಂತೆ. ಗಿಡದ ಉದ್ದನೆಯ ಟೊಂಗೆಯನ್ನು ಕತ್ತರಿಸದೆ ಹಾಗೇ ಬಾಗಿಸಬೇಕು. ಗೆಣ್ಣಿನ ಕೆಳಗೆ ಸಿಪ್ಪೆ ಸ್ವಲ್ಪ ಕೆರೆದು, ಆ ಜಾಗವನ್ನು ಮಣ್ಣಿನಲ್ಲಿ ಹೂತು, ಏಳದಂತೆ ಮೇಲೊಂದು ಕಲ್ಲಿಡಬೇಕು. ತುದಿ ಹೊರಗಿರಬೇಕು. ತಾಯಿಯ ನೀರು ಕುಡಿಯುತ್ತಲೇ ಟೊಂಗೆ ತನ್ನ ಬೇರು ಬಿಡುತ್ತದೆ. ಬಿಟ್ಟ ಮೇಲೆ ತಾಯಿಯಿಂದ ಕೊಯ್ಯುವುದು.

"ಎಷ್ಟು ದಿನ ಬೇಕ್ರಿ?"

"ಮೂರು ತಿಂಗ್ಳು. ಒಂದೊಂದ್ಸಲ ಇನ್ನೂ ಹೆಚ್ಚಿಗೆ."

ಲೆಕ್ಕ ಹಾಕಿದರೆ ನವರಾತ್ರಿಗೆ ಸರಿಯಾಗಿ ಸಾಲುತ್ತದೆ, ಅಷ್ಟೇ. ನೆಲದಲ್ಲಿ ಹೂಳುವ ಬದಲು ಬಕೆಟ್‌ನಲ್ಲಿ ಹೂತರೆ ಆಮೇಲೆ ಎತ್ತಿಕೊಂಡು ಹೋಗುವುದು ಸುಲಭ ಎಂದು ನಾನೇ ಹೇಳಿದೆ. ಟೈಲ್ಸ್ ಅಂಟಿಸುವ ನಮ್ಮ ಗಮ್ಮಿನ ಬಕೆಟ್‌ಗಳು ಹದಿನಾಲ್ಕು ಇದ್ದವು. ಕಬ್ಬಿಣದ ಸರಳು ಕಾಯಿಸಿ ಅಡಿಗೆ ತೂತು ಮಾಡಿದೆ, ಮಾರ್ಕರಿನಲ್ಲಿ ಒಂದರಿಂದ ಹದಿನಾಲ್ಕರವರೆಗೆ ನಂಬರು ಬರೆದೆ. ತಿಮ್ಮಕ್ಕ ಒಂದೊಂದರಲ್ಲೂ ಒಂದು ಟೊಂಗೆ ಬಾಗಿಸಿ ಹೂತು ಕಲ್ಲಿಟ್ಟರು. ಮೂರು ತಾಸು ಹೇಗೆ ಹೋಯಿತೋ ತಿಳಿಯಲಿಲ್ಲ.

ಜೂನ್ 25

ಹೂ ಕಟ್ಟಲು ಕಲಿಸಿದರು. ಬಾಳೆನಾರು ನನ್ನ ಕೈಯಲ್ಲಿ ನಿಲ್ಲುವುದಿಲ್ಲ. ನಾನು ಕಟ್ಟಿದ ಮೊಳವನ್ನು ಅರ್ಚಿತಾ ಎತ್ತಿ ಹಿಡಿದು, "ಇದ್ನ ಮುಡೀಲಿಕ್ಕಲ್ಲ, ಬೋಟು ಕಟ್ಟೂಕೆ ಕೊಡ್ವಾ" ಎಂದಳು.

ಜುಲೈ 2, ಮಂಗಳವಾರ

ಹೊತ್ತು ಹೋಗದೆ ಒಂದು ಹುಚ್ಚು ಕೆಲಸ ಮಾಡಿದೆ. ಇವತ್ತು ಬೆಳಗಿನಿಂದ ತಿಮ್ಮಕ್ಕನ ಬಾಯಲ್ಲಿ ಬೇರು ಎಂಬ ಮಾತು ಎಷ್ಟು ಸಲ ಬರುತ್ತದೆ ಎಂದು ಎಣಿಸಿದೆ. ಚಾ ಕುಡಿಯುವಾಗ, ಹಲ್ಲಿನ ಬೇರು ಜುಂ ಎನ್ನುತ್ತಿದೆ ಎಂದರು. ನನಗೆ ನೀರು ಕೊಡುತ್ತ, ಲಾವಂಚದ ಬೇರು ಹಾಕಿದ್ದು ಎಂದರು. ಪಕ್ಕದ ಮನೆಯ ಅಕ್ಕತಂಗಿಯರು ಬಾವಿಯ ಹಗ್ಗಕ್ಕೆ ಕಿತ್ತಾಡಿದರೆ, "ಆ ಜಗಳದ ಬೇರು ಬಾವೀಲಿಲ್ಲ, ಬಾಯಲ್ಲಿ ಅದೆ." ಅರ್ಚಿತಾಳಿಗೆ ಕುಮಟಾದಿಂದ ಬಂದ ಗಂಡಿನ ಬಗ್ಗೆ, "ನೌಕರಿ ಗೀಕರಿ ಇರ್ಲಿ, ಅವ್ರ ಬೇರು ಎಲ್ಲಿದು ಕೇಳು." ಅದಕ್ಕೆ ಅರ್ಚಿತಾ, "ಕಿತ್ತು ನೋಡಿ ಹೇಳ್ತೆ, ತಡಿ" ಎಂದಳು. ಸಂಜೆ ನಾಗಮ್ಮನೆಂಬ ಮುದುಕಿ ಹಾಲು ತಂದವಳು ನನ್ನನ್ನು ತೋರಿಸಿ ಇವ ಯಾವ ಊರವ ಎಂದು ಕೇಳಿದಳು. ತಿಮ್ಮಕ್ಕ ಹೇಳಿದ್ದು: "ಊರು ಎಲ್ಲಾ ಕಡೆ ಅದೆ. ಕಾಲು ಅದೆ, ಬೇರಿಲ್ಲ. ಈಗ ಕಾಲೂ ಇಲ್ಲ."

ಒಟ್ಟು ಐದು. ನಮ್ಮ ಕಸುಬಿನಲ್ಲಿ ಆ ಮಾತು ಬರುವುದು ಒಂದೇ ಕಡೆ: ಮರದ ಬೇರು ಬಂದು ಹಾಕಿದ ನೆಲವನ್ನು ಎಬ್ಬಿಸಿತು ಎನ್ನುವಾಗ. ನಮಗೆ ಬೇರು ಎಂದರೆ ಶತ್ರು.

ಜುಲೈ 9, ಮಂಗಳವಾರ

ಇದನ್ನು ಯಾರಿಗೂ ಹೇಳಬಾರದು. ಏಳನೇ ನಂಬರಿನ ಬಕೆಟ್ಟಿನ ಕಲ್ಲು ತೆಗೆದು, ಟೊಂಗೆ ಎತ್ತಿ ನೋಡಿದೆ. ಏನೂ ಇಲ್ಲ. ಮತ್ತೆ ಹೂತು ಕಲ್ಲಿಟ್ಟೆ. ಮೂರು, ಒಂಬತ್ತು, ಹನ್ನೆರಡನ್ನೂ ನೋಡಿದೆ. ಉಳಿದವು ಒಳಬದಿಗಿವೆ, ಪ್ಲಾಸ್ಟರಿನ ಕಾಲು ಎಳೆದುಕೊಂಡು ಅಲ್ಲಿಗೆ ಹೋಗಲು ಆಗುವುದಿಲ್ಲ.

ನಾವು ಮಾಡುವುದು ಹೀಗೇ. ಟೈಲ್ಸ್ ಕೂರಿಸಿದ ಮರುದಿನ ನಾಣ್ಯದಿಂದ ಬಡಿದು ನೋಡಬೇಕು. ಪೊಳ್ಳು ಸದ್ದು ಬಂದರೆ ಎಬ್ಬಿಸಿ ಮತ್ತೆ ಕೂರಿಸಬೇಕು. ಬಡಿದು ನೋಡದವನನ್ನು ಯಾರೂ ಕೆಲಸಗಾರ ಎನ್ನುವುದಿಲ್ಲ. ತಿಮ್ಮಕ್ಕ ನೀರು ಹಾಕಿ ಸುಮ್ಮನೆ ಹೋಗುತ್ತಾರೆ. ಅದು ಹೇಗೆ ಸಾಧ್ಯವೋ!

ಜುಲೈ 21, ಭಾನುವಾರ

ನಿನ್ನೆ ಪ್ಲಾಸ್ಟರ್ ತೆಗೆದರು. ಕಾಲು ಬೇರೆ ಯಾರದೋ ಇದ್ದ ಹಾಗಿದೆ, ಸಣ್ಣಗೆ, ಬೆಳ್ಳಗೆ. ರಾಜೀವ ಫೋನ್ ಮಾಡಿದ್ದ. ಆಗಸ್ಟ್ ಒಂದಕ್ಕೆ ಮಡಗಾಂವದಲ್ಲಿ ಇರಬೇಕಂತೆ. ಬರುತ್ತೇನೆ ಎಂದೆ. ಇನ್ನು ಹತ್ತು ದಿನ, ದೇವರೇ!

ಆಗಸ್ಟ್ 4, ಭಾನುವಾರ

ಹೋಗಲಿಲ್ಲ. ಸಂಜೆಯಾದರೆ ಕಾಲು ಬಾತುಕೊಳ್ಳುತ್ತದೆ. ಹದಿನೈದು ದಿನ ಬಿಟ್ಟು ಬರುತ್ತೇನೆಂದು ರಾಜೀವನಿಗೆ ಹೇಳಿದೆ. ಅವನು, "ಅಲ್ಲೇ ಬೇರು ಬಿಟ್ಕೊಂಡ್ಯೇನಲೇ?" ಎಂದು ನಕ್ಕ. ಬೇರಂತೆ! ಬಾತುಕೊಳ್ಳುತ್ತದೆ ಎಂದರೆ ಅರ್ಥವಾಗುವುದಿಲ್ಲ ಅವನಿಗೆ.

ಏಳನೇ ನಂಬರಿನಲ್ಲಿ ಬಂದಿದೆ! ಬಿಳಿಯ ನೂಲಿನಂಥವು, ನಾಲ್ಕು. ಉಗುರಿನಷ್ಟೂ ಉದ್ದವಿಲ್ಲ. ಸಿಳ್ಳೆ ಹಾಕುವಷ್ಟು ಖುಷಿಯಾಯಿತು, ಆದರೆ ಯಾರಿಗೆ ಹೇಳುವುದು? ಬೇಗ ಮುಚ್ಚಿದೆ. ಸಂಜೆ ಇನ್ನೊಮ್ಮೆ ನೋಡಿದೆ.

ಆಗಸ್ಟ್ 18, ಭಾನುವಾರ

ಕೆಟ್ಟ ದಿನ. ನಾಗಭೂಷಣ ಮಾಸ್ತರು ಅರ್ಚಿತಾಳಿಗೆ ಫೋನ್ ಮಾಡಿ ಹೇಳಿದರು: ಕಟ್ಟುವ ಮೇಸ್ತ್ರಿಗೆ ಈಗ ಬಿಡುವಂತೆ, ಸೆಪ್ಟೆಂಬರ್ ಎರಡಕ್ಕೇ ಜೆಸಿಬಿ ಬರುತ್ತದೆ. ನವರಾತ್ರಿಗೆ ಕಾಯುವುದಿಲ್ಲ. ಇನ್ನು ಎರಡು ವಾರ. ಬೇರು ಕೂರುವ ಮೊದಲೇ ಕೊಯ್ದರೆ ಹದಿನಾಲ್ಕೂ ಒಣಗುತ್ತವೆ.

ತಿಮ್ಮಕ್ಕ ಬಕೆಟ್‌ಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಹತ್ತು ಚೆನ್ನಾಗಿವೆ. ನಾಲ್ಕರ ಎಲೆ ಹಳದಿ: ಮೂರು, ಏಳು, ಒಂಬತ್ತು, ಹನ್ನೆರಡು. ಏಳನೆಯದಕ್ಕೆ ಬೆರಳು ಹಾಕಿ ನೋಡಿದರು. ಟೊಂಗೆ ಒಳಗೆ ಕೊಳೆತಿತ್ತು.

"ಹೆಗ್ಗಣ. ಮಣ್ಣು ಕೆದಕಿದ್ದು ಕಾಣ್ತದೆ ನೋಡಾ. ಕಲ್ಲು ಬೇರೆ ಜರುಗ್ಯದೆ."

ಅಟ್ಟದಿಂದ ಬೋನು ಇಳಿಸಿ, ಒಣಮೀನು ಸಿಕ್ಕಿಸಿ, ಏಳನೇ ನಂಬರಿನ ಪಕ್ಕ ಇಟ್ಟರು. ಬೋನಿನ ಬಾಗಿಲು ಹಿಡಿದುಕೊಂಡವನು ನಾನು.

ಆಗಸ್ಟ್ 19, ಸೋಮವಾರ

ಹೇಳಿಬಿಟ್ಟೆ. ಬೋನಿನಲ್ಲಿ ಪಾಪ, ಪಕ್ಕದ ಮನೆಯ ಬೆಕ್ಕಿನ ಮರಿ ಸಿಕ್ಕಿಕೊಂಡು ಕೂಗುತ್ತಿತ್ತು. ಅದನ್ನು ಬಿಡಿಸುತ್ತಲೇ ಹೇಳಿದೆ.

"ಅಕ್ಕಾ, ಹೆಗ್ಗಣ ಅಲ್ರಿ. ನಾನ. ಬೇರು ಬಂತೇನು ಅಂತ ಎತ್ತಿ ಎತ್ತಿ ನೋಡಿದೆ."

"ಎಷ್ಟು ಸಲ?"

"ಎರಡು ದಿನಕ್ಕೊಮ್ಮೆ."

ತಿಮ್ಮಕ್ಕ ಬೆಕ್ಕಿನ ಮರಿಯನ್ನು ಎತ್ತಿಕೊಂಡು ಪಕ್ಕದ ಮನೆಗೆ ಕೊಡಲು ಹೋದರು. ಬೈದಿದ್ದರೆ ಬಟ್ಟೆ ಕಟ್ಟಿಕೊಂಡು ಮಡಗಾಂವಕ್ಕೆ ಹೋಗುತ್ತಿದ್ದೆ. ಎಷ್ಟೋ ಊರು ಬಿಟ್ಟಿದ್ದೇ ಹಾಗೆ. ಮಧ್ಯಾಹ್ನ ಊಟಕ್ಕೆ ಬಡಿಸಿದರು. ಸಂಜೆ ಅರ್ಚಿತಾ ಬಸ್ಸಿಳಿದು ಬಂದ ಮೇಲೆ ಅವಳಿಗೆ ಹೇಳುವುದು ಕೇಳಿಸಿತು:

"ಹೆಗ್ಗಣಕ್ಕೆ ಬೋನು ಇಟ್ಟೆ ಕಾಣೇ. ಹೆಗ್ಗಣ ಜಗಲಿ ಮೇಲೆ ಕೂತು ನನ್ನ ಕೈಯಲ್ಲೇ ಚಾ ತಕಂಡು ಕುಡೀತಿತ್ತು."

ಇಬ್ಬರೂ ಎಷ್ಟು ನಕ್ಕರೆಂದರೆ ತಿಮ್ಮಕ್ಕನಿಗೆ ಕೆಮ್ಮು ಬಂತು. ಆಮೇಲೆ ನನ್ನ ಕಡೆ ತಿರುಗಿ, ನಗು ಪೂರ್ತಿ ನಿಲ್ಲಿಸಿ ಹೇಳಿದರು: "ನೀ ನೋಡಿದ್ರೆ ಬತ್ತದೆ ಅಂತ ಮಾಡಿದ್ಯಾ? ಅದು ಬಪ್ಪುದು ನಾವು ನೋಡ್ದೇ ಇಪ್ಪ ಹೊತ್ತಿಗೆ."

ಆಗಸ್ಟ್ 21, ಬುಧವಾರ

ಯಾರಿಗೂ ಹೇಳದೆ ಹೊನ್ನಾವರಕ್ಕೆ ಹೋಗಿದ್ದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಕಾಲು ಸ್ವಲ್ಪ ಎಳೆಯಿತು, ಅಷ್ಟೇ. ಶಾಲೆಯಲ್ಲಿ ಊಟದ ಹೊತ್ತು. ಮಾಸ್ತರು ಡಬ್ಬಿ ಬಿಚ್ಚಿದ್ದವರು ಮುಚ್ಚಿಟ್ಟರು.

ಮನೆಯ ನಕ್ಷೆ ತೋರಿಸ್ರಿ ಎಂದೆ. ಫೋನಿನಲ್ಲಿತ್ತು. ನಕ್ಷೆ ನನಗೆ ಅರ್ಥವಾಗುತ್ತದೆ. ಮನೆ ನಿಲ್ಲುವುದು ರಸ್ತೆಯ ಬದಿಗೆ. ಮಲ್ಲಿಗೆ ಇರುವ ಹಿಂಬದಿಯಲ್ಲಿ ಕಾಂಪೌಂಡು ಬಿಟ್ಟರೆ ಏನೂ ಇಲ್ಲ, ಮೂರೂವರೆ ಅಡಿ ಖಾಲಿ ಬಿಟ್ಟಿದ್ದಾರೆ.

"ಮತ್ತ ಹಿಂದಿನ ಗಿಡ ಈಗ ಯಾಕ ತೆಗೀಬೇಕ್ರಿ ಸರ?"

"ಚಿರೆಕಲ್ಲು ಇಳಿಸೂಕೆ ಜಾಗ ಬೇಕಂತೆ ಮೇಸ್ತ್ರಿಗೆ."

"ಕಲ್ಲು ಬಾವಿ ಕಡೆ ಇಳಿಸ್ರಿ. ಅಲ್ಲಿ ಲಾರಿ ತಿರಗತೈತಿ, ಕಲ್ಲು ಹೊರೂದು ಅರ್ಧ ಉಳೀತೈತಿ. ಕಾಂಪೌಂಡ್ ಕೊನೀಗೆ ಮಾಡ್ರಿ. ಎಲ್ಲಾರೂ ಹಂಗ ಮಾಡೂದು."

ಅವರು ನಕ್ಷೆಯನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದರು. "ಅದು ಹೌದು" ಎಂದರು. ಆಮೇಲೆ ನನ್ನನ್ನು ನೋಡಿದರು. "ನಿಂಗೆ ಇಷ್ಟೆಲ್ಲಾ ಎಂತಕ್ಕೆ? ನೀ ಬಾಡಿಗೆಗಿದ್ದವ ಅಲ್ದಾ?"

"ಬಕೆಟ್ ನಂದ್ರಿ."

ಮಾಸ್ತರಿಗೆ ನಗು ಬಂತು. ನವರಾತ್ರಿ ಮುಗಿಯುವವರೆಗೆ ಆ ಬದಿ ಮುಟ್ಟುವುದಿಲ್ಲ ಎಂದು ನನ್ನೆದುರೇ ಮೇಸ್ತ್ರಿಗೆ ಫೋನ್ ಮಾಡಿದರು. ಹೊರಡುವಾಗ, ಈಗ ಟೈಲ್ಸ್ ಹಾಕುವವರದೇ ಕಷ್ಟ, ಅರ್ಧ ಮಾಡಿ ಓಡಿಹೋಗುತ್ತಾರೆ ಎಂದರು. ನಾನು ಹಾಕ್ತೀನ್ರಿ ಎಂದೆ.

"ಅದು ಏಪ್ರಿಲ್ ಆಗ್ತದೆ ಮಾರಾಯಾ."

"ಆಗ್ಲಿ ಬಿಡ್ರಿ."

ಬಸ್ಸಿನಲ್ಲಿ ಬರುವಾಗ ಶರಾವತಿ ಸೇತುವೆಯ ಮೇಲೆ ಎಣಿಸಿದೆ. ನವರಾತ್ರಿಗೆ ಇನ್ನು ಆರು ವಾರ. ಹತ್ತು ಬಕೆಟ್‌ಗಳಿಗೆ ಧಾರಾಳವಾಗಿ ಸಾಕು. ತಿಮ್ಮಕ್ಕನಿಗೆ ಹೇಳಿದಾಗ ಮೊದಲು ಕೇಳಿದ್ದು, "ಉಂಡ್ಯಾ?"

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಚೌತಿ. ಚಕ್ಕುಲಿ ತಿಂದು ತಿಂದು ದವಡೆ ನೋವು. ರಾಜೀವ ಬೇರೆ ಹುಡುಗನನ್ನು ಇಟ್ಟುಕೊಂಡನಂತೆ. ಒಳ್ಳೆಯದಾಯಿತು, ನನಗಾಗಿ ಕಾಯುತ್ತ ಕೂತರೆ ಅವನಿಗೂ ತೊಂದರೆ. ನಾನು ಶಿರಾಲಿಯಲ್ಲಿ ಒಂದು ಮನೆಯ ಅಡುಗೆಕೋಣೆಯ ಕೆಲಸ ಹಿಡಿದಿದ್ದೇನೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು.

ಅವ್ವ ಫೋನ್ ಮಾಡಿದ್ದಳು.

"ಹಬ್ಬಕ್ಕೂ ಬರಲಿಲ್ಲ. ದೀಪಾವಳಿಗಾದ್ರೂ ಬಾ ಯಪ್ಪಾ."

"ಬರ್ತೀನಿ ಬೇ. ಅಳೂದು ಎಂತಕ್ಕೆ?"

"ಎಂತಕ್ಕ ಅಂದ್ರ ಏನೋ?"

ಅವಳಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಈಗೀಗ.

ಸೆಪ್ಟೆಂಬರ್ 22, ಭಾನುವಾರ

ಹತ್ತಕ್ಕೂ ಅರ್ಧ ಕೊಯ್ಲು ಆಯಿತು. ತಾಯಿಯಿಂದ ಬರುವ ಟೊಂಗೆಯನ್ನು ಒಮ್ಮೆಗೇ ಕತ್ತರಿಸಬಾರದು. ಅರ್ಧದವರೆಗೆ ಚಾಕು ಹಾಕಿ ಎಂಟು ದಿನ ಬಿಡಬೇಕು. ಎಲೆ ಬಾಡಲಿಲ್ಲವೆಂದರೆ ತನ್ನ ಬೇರಿನಲ್ಲೇ ನೀರು ಕುಡಿಯುತ್ತಿದೆ ಎಂದರ್ಥ, ಆಗ ಉಳಿದರ್ಧ. ಚಾಕು ಹಿಡಿದದ್ದು ತಿಮ್ಮಕ್ಕ. ನಾನು ಟೊಂಗೆ ಅಲುಗದಂತೆ ಹಿಡಿದೆ.

ಸೆಪ್ಟೆಂಬರ್ 25

ಐದನೆಯದರ ಎಲೆ ಸ್ವಲ್ಪ ಜೋತಿದೆ.

ಸೆಪ್ಟೆಂಬರ್ 26

ಐದು ಎದ್ದಿದೆ. ಬಿಸಿಲಿಗೆ ಹಾಗಾಗಿತ್ತಷ್ಟೆ.

ಸೆಪ್ಟೆಂಬರ್ 30, ಸೋಮವಾರ

ಒಂದೂ ಬಾಡಲಿಲ್ಲ. ಉಳಿದರ್ಧವನ್ನು ನನ್ನ ಕೈಯಲ್ಲಿ ಕೊಯ್ಯಿಸಿದರು. "ನಂಗೆ ಕನ್ನಡಕ ಇಲ್ಲ, ನೀನೇ ಮಾಡಾ" ಎಂದರು. ಕನ್ನಡಕ ತಲೆಯ ಮೇಲೇ ಇತ್ತು.

ಅಕ್ಟೋಬರ್ 6, ಭಾನುವಾರ

ಹತ್ತು ಗುಂಡಿ ತೋಡಿದ್ದೆ, ಪಾಗಾರದ ಈಚೆಗೆ, ನಮ್ಮ ಅಂಗಳದಲ್ಲಿ. ದಾರ ಕಟ್ಟಿ, ಲೆವೆಲ್ ಹಿಡಿದು, ಸಾಲು ತಪ್ಪದಂತೆ. "ಗಿಡ ನೆಡೂದಾ, ಬಚ್ಚಲು ಮಾಡೂದಾ?" ಎಂದು ಅರ್ಚಿತಾ ಕೇಳಿದಳು.

ಬಕೆಟ್ ಸೀಳಿ ತೆಗೆದಾಗ ಕೊನೆಗೂ ಕಂಡಿತು. ಬಿಳಿಯ ಬೇರು ಗೋಡೆಗುಂಟ ಸುತ್ತಿ ಸುತ್ತಿ, ಮಣ್ಣನ್ನೆಲ್ಲ ಹಿಡಿದುಕೊಂಡು, ಬಕೆಟ್ ಹೋದರೂ ಬಕೆಟ್ಟಿನ ಆಕಾರದಲ್ಲೇ ನಿಂತಿತ್ತು. ಇಷ್ಟೊಂದು ಇರಬಹುದೆಂದು ನಾನು ಎಣಿಸಿರಲಿಲ್ಲ. ಫೋಟೋ ತೆಗೆಯೋಣವೆಂದು ಫೋನ್ ತೆಗೆದೆ.

"ಮುಚ್ಚಾ ಮಾರಾಯಾ, ಬಿಸ್ಲು ತಾಗ್ತದೆ" ಎಂದು ತಿಮ್ಮಕ್ಕ ಗದರಿದರು. ಫೋನ್ ಜೇಬಿಗೆ ಹಾಕಿ ಮಣ್ಣು ಎಳೆದೆ.

ಅಕ್ಟೋಬರ್ 14, ಸೋಮವಾರ

ಜೆಸಿಬಿ ಎಂಟು ಗಂಟೆಗೇ ಬಂತು. ತಿಮ್ಮಕ್ಕ ಹೊರಗೆ ಬರಲಿಲ್ಲ. "ನೀ ಇರಾ ಅಲ್ಲಿ. ಪಾಗಾರ ಬೀಳ್ಸಿ ಹಾಕ್ಯಾರು" ಎಂದು ಹೇಳಿ, ಹಿತ್ತಲ ಬಾಗಿಲಲ್ಲಿ ಬಾಂಗಡೆ ಮೀನು ಹೆಚ್ಚುತ್ತ ಕೂತರು.

ನಾಲ್ಕು ಹಳೆಯ ಗಿಡಗಳು ಹುಲ್ಲು ಕಿತ್ತ ಹಾಗೆ ಬಂದವು. ಐದನೆಯದು, ಎಲ್ಲಕ್ಕಿಂತ ಹಳೆಯದು, ಬುಡ ಎದ್ದರೂ ಪೂರ್ತಿ ಬರಲಿಲ್ಲ. ಮುಂಗೈ ದಪ್ಪದ ಒಂದು ಬೇರು ಹಗ್ಗದಂತೆ ಬಿಗಿದು ಪಾಗಾರದ ಅಡಿಗೆ ಹೋಗಿತ್ತು. ಮೇಲಿನ ಕಲ್ಲು ಅಲುಗಿತು. ನಾನು ಕೈಯೆತ್ತಿ ನಿಲ್ಲಿಸಿದೆ.

"ಎಂತ ಮಾಡೂದು?" ಎಂದು ಡ್ರೈವರ್ ಕೇಳಿದ.

"ಎಳೀಬೇಡಿ. ಇಲ್ಲೇ ಕಡಿತೆ."

ಕೊಡಲಿ ತಂದು ಗೋಡೆಯ ಬುಡದಲ್ಲಿ ಕಡಿದೆ. ಆಚೆಯದು ಉಳಿದ ಗಿಡಗಳ ಜೊತೆ ಲಾರಿಗೆ ಹೋಯಿತು. ಈಚೆಯದು ನೆಲದೊಳಗೇ ಉಳಿಯಿತು. ಒಳಗೆ ಬಂದು, ಅದು ಯಾವ ದಿಕ್ಕಿಗೆ ಹೋಗಿರಬಹುದೆಂದು ಕಣ್ಣಳತೆಯಲ್ಲಿ ಗೆರೆ ಎಳೆದು ನೋಡಿದೆ. ನೆಟ್ಟಗೆ ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆ ಹೋಗುತ್ತದೆ. ಇಪ್ಪತ್ತೆಂಟು ವರ್ಷ ನೀರು ಚೆಲ್ಲಿದ ಜಾಗ.

ತಿಮ್ಮಕ್ಕನಿಗೆ ಹೇಳಿದೆ. ಕೈಯಲ್ಲಿ ಮೀನು ಹಾಗೇ ಇತ್ತು.

"ಅಲ್ಲಿದ್ದು ಇಲ್ಲಿ ಉಣ್ತಿತ್ತನಾ ಇದು? ಥೇಟು ನಮ್ಮತ್ತೆ."

"ಚಿಗುರ್ತದೇನ್ರಿ ಅಕ್ಕಾ?"

"ಯಾರಿಗ್ಗೊತ್ತು. ಬೇರಷ್ಟೇ ಉಳ್ಕಂಡದ್ದು ಚಿಗುರಿದ್ದು ನಾ ಕಂಡಿಲ್ಲ. ಕಾಣದಿದ್ದದ್ದು ಬೇಕಾದಷ್ಟದೆ."

ಒಗೆಯುವ ಕಲ್ಲಿನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತೆ. ಗಾರೆ ಬಳಿಯುವ ಕರಣಿ ಕೈಯಲ್ಲೇ ಇತ್ತು. ಮಣ್ಣು ಮೆತ್ತಗಿದೆ, ಅಗೆದರೆ ಒಂದಡಿ ಕೆಳಗೆ ಸಿಗುತ್ತದೆ, ಹಸಿ ಇದೆಯೋ ಇಲ್ಲವೋ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಕರಣಿಯನ್ನು ಕಲ್ಲಿನ ಮೇಲೆ ಇಟ್ಟೆ. ಆಮೇಲೆ ಶಿರಾಲಿಯಿಂದ ತಂದಿದ್ದ ಟೈಲ್ಸ್ ಚೂರು ನಾಲ್ಕನ್ನು ಸುತ್ತ ನಿಲ್ಲಿಸಿದೆ, ಯಾರೂ ತುಳಿಯದಿರಲಿ ಎಂದು. ಒಂದು ತಂಬಿಗೆ ನೀರು ಹಾಕಿ, ಕೈ ತೊಳೆದು, ಊಟಕ್ಕೆ ಹೋದೆ. ಬಾಂಗಡೆ ಚೆನ್ನಾಗಿತ್ತು.